ಅಕ್ಕನ ಕುಟ್ಟಾಣಿ

ಡ್ರೈವರಣ್ಣ ಮಾಡಿದ ತಪ್ಪು ಇಷ್ಟೇ: ಪೊಲೀಸರು ಕೈ ತೋರಿಸಿದ ಕೂಡಲೇ ಕಾರು ನಿಲ್ಲಿಸಿ ಕೆಳಗಿಳಿದ.

ಇಪ್ಪತ್ತೇಳು ವರ್ಷ ಲಾರಿ ಓಡಿಸಿದವನಿಗೆ ಚೆಕ್‌ಪೋಸ್ಟ್ ಎಂದರೆ ಮಾವನ ಮನೆ ಇದ್ದ ಹಾಗೆ. ಗಾಡಿ ಬದಿಗೆ ಹಾಕಬೇಕು, ಕಾಗದಪತ್ರದ ಫೈಲು ಹಿಡಿದು ಇಳಿಯಬೇಕು, ಓಡುನಡಿಗೆಯಲ್ಲಿ ಸಾಹೇಬರ ಹತ್ತಿರ ಹೋಗಿ ನಮಸ್ಕಾರ ಹಾಕಬೇಕು. ಸೀಟಿನಲ್ಲೇ ಕೂತಿದ್ದರೆ ಅದು ಕೊಬ್ಬು. ಈ ಪರದೇಶದಲ್ಲಿ ಇಳಿದರೇ ಕೊಬ್ಬು ಎಂದು ಅವನಿಗೆ ಯಾರು ಹೇಳಬೇಕು? ಫೈಲು ಎತ್ತಿಕೊಂಡು ಓಡಿ ಬರುತ್ತಿದ್ದ ದಢೂತಿ ಆಸಾಮಿಯನ್ನು ಕಂಡು ಇಬ್ಬರು ಪೊಲೀಸರು ಹಾವು ತುಳಿದವರಂತೆ ಹಿಂದಕ್ಕೆ ಹಾರಿದರು. ಮೂರನೆಯವನ ಕೈ ಸೊಂಟದ ಪಿಸ್ತೂಲಿಗೆ ಹೋಯಿತು.

"ರೀ, ಕೈ ಮೇಲೆತ್ರೀ!" ಎಂದು ಕಾರಿನೊಳಗಿಂದ ಹೆಂಡತಿ ಕೂಗಿದಳು.

"ಗಾಬರಿ ಬೇಡ, ನಾನು ಮಾತಾಡ್ತೀನಿ," ಎಂದು ಹಿಂದಿನ ಸೀಟಿನ ಮೇಷ್ಟ್ರು ಎದ್ದರು. ನಿಜವಾದ ಗಾಬರಿ ಶುರುವಾದದ್ದು ಆಗಲೇ.

ಮೇಷ್ಟ್ರು ಎದುರು ಮನೆಯವರು. ಒಂದೂ ಅಪಘಾತ ಮಾಡದ ಡ್ರೈವರಣ್ಣನಿಗೆ ಲಾರಿ ಮಾಲೀಕರ ಸಂಘದವರು ಹೆಂಡತಿಯ ಜೊತೆ ಒಂದು ವಾರದ ವಿದೇಶ ಪ್ರವಾಸ ಬಹುಮಾನ ಕೊಟ್ಟಾಗ, "ನಿನಗೆ ಭಾಷೆ ಬರಲ್ಲ ಕಣಯ್ಯ" ಎಂದು ತಮ್ಮ ಖರ್ಚಿನಲ್ಲೇ ಹೊರಟು ಬಂದಿದ್ದರು. ಇವತ್ತು ಕೊನೆಯ ದಿನ. ಮಧ್ಯಾಹ್ನ ಮೂರಕ್ಕೆ ವಿಮಾನ ನಿಲ್ದಾಣದ ಬಸ್ಸು ಹೋಟೆಲಿನಿಂದ ಹೊರಡುತ್ತದೆ. ಅಷ್ಟರೊಳಗೆ ಬಾಡಿಗೆ ಕಾರಿನಲ್ಲಿ ಮೂರು ಗಂಟೆ ದಾರಿ ಹೋಗಿ, ಅಕ್ಕನನ್ನು ನೋಡಿ ಬರಬೇಕು.

ಆರು ವರ್ಷಕ್ಕೆ ತಾಯಿ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆ ಅಕ್ಕ. ಮದುವೆಯಾಗಿ ಈ ದೇಶಕ್ಕೆ ಬಂದು ಇಪ್ಪತ್ತೆರಡು ವರ್ಷ. ಬಸ್ಸಿನ ಕಿಟಕಿಯಲ್ಲಿ ಕೈ ಬೀಸುತ್ತಾ ಹೋದ ಮುಖವೇ ಅವನ ಕಣ್ಣಲ್ಲಿ ಕೊನೆಯದು. ಬರುತ್ತೇನೆಂದು ಫೋನ್ ಮಾಡಿದಾಗ ಅವಳು ಕೇಳಿದ್ದು ಒಂದೇ: "ಮಿಕ್ಸಿ ಸದ್ದು ಕೇಳಿ ಕೇಳಿ ಸಾಕಾಗಿದೆ ಕಣೋ ಮರಿ. ಅಮ್ಮನ ಕುಟ್ಟಾಣಿ ತಗೊಂಡು ಬಾ. ಅದರ ಸದ್ದು ಒಂದ್ಸಲ ಕೇಳ್ಬೇಕು."

ಆ ಕಲ್ಲಿನ ಕುಟ್ಟಾಣಿಯನ್ನೇ ಈಗ ಪೊಲೀಸರು ಹೊರಗೆ ತೆಗೆದಿಟ್ಟರು.

"ಇದೇನು ಅಂತ ಕೇಳ್ತಿದ್ದಾರೆ," ಎಂದು ಹೇಳಿದ ಮೇಷ್ಟ್ರು ಉತ್ತರವನ್ನೂ ತಾವೇ ಕೊಡತೊಡಗಿದರು. ಒಂದು ಮಾತಿನಲ್ಲಿ ಮುಗಿಯುವುದನ್ನು ಅವರು ಕುಟ್ಟಾಣಿಯ ಇತಿಹಾಸದಿಂದ ಹಿಡಿದರು. ಅಷ್ಟರಲ್ಲಿ ಪೊಲೀಸ್ ನಾಯಿ ಕುಟ್ಟಾಣಿಗೆ ಮೂತಿ ಇಟ್ಟಿತು. ಐವತ್ತು ವರ್ಷದ ಮೆಣಸಿನ ಪುಡಿ ಆ ಕಲ್ಲಿನಲ್ಲಿ ಮನೆ ಮಾಡಿತ್ತು. ನಾಯಿ ಏಳು ಸಲ ಸೀನಿ, ಕೆಲಸಕ್ಕೆ ರಾಜೀನಾಮೆ ಕೊಟ್ಟಂತೆ ರಸ್ತೆಯಲ್ಲೇ ಮಲಗಿಬಿಟ್ಟಿತು.

ಯಾವ ಪುಡಿ, ಎಲ್ಲಿಯ ಪುಡಿ ಎಂದು ವಿಚಾರಣೆ ಏರಿತು. ಎರಡೂ ಕಡೆಯ ವಾಹನಗಳನ್ನು ನಿಲ್ಲಿಸಿದರು. ಡ್ರೈವರಣ್ಣ ರಸ್ತೆ ಮಧ್ಯೆ ಕುಕ್ಕರಗಾಲಿನಲ್ಲಿ ಕೂತು, ಕುಟ್ಟಾಣಿಯ ಕಲ್ಲುಗುಂಡು ಹಿಡಿದು ಕುಟ್ಟಿ ತೋರಿಸಬೇಕಾಯಿತು. ಎದುರು ಸಾಲಿನಲ್ಲಿ ಕಪ್ಪು ಕನ್ನಡಕದ ಹೆಂಗಸೊಬ್ಬಳು ನೀಲಿ ಕಾರಿನಲ್ಲಿ ಕೂತು ಒಂದೇ ಸಮನೆ ಹಾರ್ನ್ ಬಡಿಯುತ್ತಿದ್ದಳು.

"ಯಾವಳಪ್ಪ ಇವಳು? ರಸ್ತೆ ಏನು ಇವಳಪ್ಪನ ಮನೆ ಆಸ್ತೀನಾ?" ಎಂದು ಡ್ರೈವರಣ್ಣ ಗುಂಡನ್ನು ಇನ್ನಷ್ಟು ಜೋರಾಗಿ ಕುಟ್ಟಿದ.

ಒಂದೂವರೆ ಗಂಟೆ ಆದ ಮೇಲೆ ಬಿಟ್ಟರು. "ಕುಟ್ಟಾಣಿಯೊಳಗೆ ಗುಂಡು ಗಡಗಡ ಅಂದ್ರೆ ಇನ್ನೊಬ್ರು ಹಿಡೀತಾರೆ," ಎಂದು ಹೆಂಡತಿ ಗುಂಡನ್ನು ಟವೆಲಿನಲ್ಲಿ ಸುತ್ತಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು.

ಎರಡನೆಯ ತಪಾಸಣೆಯಲ್ಲಿ ಡ್ರೈವರಣ್ಣ ಇಳಿಯಲಿಲ್ಲ, ಕೂತಲ್ಲೇ ಕೈ ಜೋಡಿಸಿದ. ಅದೂ ತಪ್ಪಂತೆ. ಪೊಲೀಸನೇ ಅವನ ಎರಡೂ ಕೈ ಹಿಡಿದು ಸ್ಟೀರಿಂಗಿನ ಮೇಲಿಟ್ಟು, ಅಕ್ಷರ ತಿದ್ದಿಸುವವನಂತೆ ಮೂರು ಸಲ ಹೇಳಿಕೊಟ್ಟ. ಪಾಠ ಮನದಟ್ಟಾಯಿತು.

ಅಕ್ಕನ ಮನೆ ತಲುಪಿದಾಗ ಹತ್ತೂವರೆ. ಬಾಗಿಲಿಗೆ ಬೀಗ! ಫೋನ್ ಮಾಡಿದರೆ ಒಳಗಡೆಯೇ ಅವಳ ಮೊಬೈಲು ಬಡಿದುಕೊಳ್ಳುತ್ತಿತ್ತು. ಪಕ್ಕದ ಮನೆಯ ಮುದುಕ ಬೇಲಿಯಾಚೆಯಿಂದ ಹೇಳಿದ್ದನ್ನು ಮೇಷ್ಟ್ರು ತಿಳಿಸಿದರು.

"ಬೆಳಗ್ಗೇನೇ ಹೋದಳಂತೆ ಕಣಯ್ಯ. ನಮ್ ತಮ್ಮ ಹಳ್ಳಿ ಗುಗ್ಗು, ಇಲ್ಲಿ ಪೊಲೀಸ್ರ ಕೈಗೆ ಸಿಕ್ಕಿಬೀಳ್ತಾನೆ, ನಾನೇ ಹೋಗಿ ಕರ್ಕೊಂಡ್ ಬರ್ತೀನಿ ಅಂತ."

"ಯಾವ ಕಾರು, ಕೇಳಿ."

"ನೀಲಿ ಕಾರಂತೆ."

ಡ್ರೈವರಣ್ಣ ಮೆಟ್ಟಿಲ ಮೇಲೆ ಕುಸಿದು ಕೂತ. ಆ ಹಾರ್ನು! ಅವಳಪ್ಪನ ಮನೆ ಆಸ್ತಿ ಎಂದನಲ್ಲ, ಆ ಅಪ್ಪ ತನಗೂ ಅಪ್ಪನೇ! ಇಪ್ಪತ್ತು ಮಾರು ದೂರದಲ್ಲಿ ಕುಟ್ಟಾಣಿ ಕುಟ್ಟುತ್ತಾ ಕೂತಿದ್ದೆ, ಅವಳ ಹಾರ್ನಿನ ಗಲಾಟೆಯಲ್ಲಿ ಅವಳಿಗೇ ಸದ್ದು ಕೇಳಿಸಲಿಲ್ಲ ಎಂದು ಹಣೆ ಚಚ್ಚಿಕೊಂಡ.

"ಏಳ್ರೀ, ಹೋಟೆಲಲ್ಲಿ ಕಾಯ್ತಿರ್ತಾರೆ," ಎಂದಳು ಹೆಂಡತಿ.

ಅಕ್ಕ ಹೋಟೆಲಿನಲ್ಲಿ ಕಾದದ್ದೂ ನಿಜ, ಆದರೆ ಹನ್ನೆರಡರವರೆಗೆ ಮಾತ್ರ. ಕಾಯುವುದು ಆ ವಂಶದಲ್ಲೇ ಇರಲಿಲ್ಲ. ಡ್ರೈವರಣ್ಣ ಬೆಳಗಿನ ಚೆಕ್‌ಪೋಸ್ಟಿಗೆ ಮರಳಿ ಬಂದಾಗ ಎದುರು ಸಾಲಿನ ಮೊದಲಿಗೇ ನೀಲಿ ಕಾರು ನಿಂತಿತ್ತು.

ಅವನು ಪೊಲೀಸ್ ಹೇಳಿಕೊಟ್ಟ ಪಾಠದಂತೆ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಕೂತಿದ್ದ. ಪೊಲೀಸರು ಅವನ ಗುರುತು ಹಿಡಿದು, ನಾಯಿಯನ್ನು ದೂರ ಎಳೆದು, ಹೋಗು ಹೋಗು ಎಂದು ಕೈ ಬೀಸಿದರು. ಬೆಳಗ್ಗೆ ಬೇಡವೆಂದರೂ ನಿಲ್ಲಿಸಿದವರು ಈಗ ನಿಲ್ಲುತ್ತೇನೆಂದರೂ ಬಿಡಲೊಲ್ಲರು. ಅಷ್ಟರಲ್ಲಿ ನೀಲಿ ಕಾರಿನ ಬಾಗಿಲು ತೆರೆಯಿತು.

"ಮರೀ!"

ಇಪ್ಪತ್ತೆರಡು ವರ್ಷ ಆ ದೇಶದ ಕಾನೂನು ಕಲಿತವಳು ಎಲ್ಲ ಮರೆತು ಎರಡೂ ತೋಳು ಚಾಚಿ ಪೊಲೀಸರ ಮಧ್ಯದಿಂದ ಓಡಿ ಬರುತ್ತಿದ್ದಳು. ಡ್ರೈವರಣ್ಣ ಪಾಠವೆಲ್ಲ ಗಾಳಿಗೆ ತೂರಿ ಕುಟ್ಟಾಣಿ ಎತ್ತಿಕೊಂಡು ಹಾರಿದ. ಸೀಟಿ, ಕೂಗು, ಬೊಗಳಾಟ. ಹತ್ತು ಮಾರು ಉಳಿದಿರುವಾಗ ಅವಳನ್ನು ಇಬ್ಬರು, ಇವನನ್ನು ನಾಲ್ವರು ಹಿಡಿದರು.

ರಸ್ತೆಯ ಆ ಬದಿ ಒಂದು ಗಾಜಿನ ಕೋಣೆ, ಈ ಬದಿ ಒಂದು. ಅಕ್ಕ ಅಲ್ಲಿ, ತಮ್ಮ ಇಲ್ಲಿ. ಅವಳ ತಲೆಯೆಲ್ಲ ಬೆಳ್ಳಗಾಗಿತ್ತು. ಗಾಜಿಗೆ ಹಣೆ ಒತ್ತಿ, ಬೆರಳು ಬಾಯಿಯತ್ತ ತಂದು, ಊಟ ಆಯ್ತಾ ಎಂದು ಸನ್ನೆ ಮಾಡಿದಳು. ಬೆಳಗಿನಿಂದ ನೀರೂ ಕುಡಿಯದ ಡ್ರೈವರಣ್ಣ ಆಯ್ತು ಎಂದು ತಲೆಯಾಡಿಸಿದ. ಕಣ್ಣೀರು ಮೀಸೆಗಿಳಿದದ್ದು ಅವನಿಗೆ ತಿಳಿಯಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಮೇಷ್ಟ್ರು ಗೆದ್ದ ಮುಖ ಹೊತ್ತು ಬಂದರು. "ಸಾಹೇಬ್ರು ಕರಗಿ ನೀರಾಗಿದ್ದಾರೆ! ಮೂರಕ್ಕೆ ಬಸ್ಸು ಅಂದೆ. ಮುಂದೊಂದು, ಹಿಂದೊಂದು ಪೊಲೀಸ್ ಗಾಡಿ ಕೊಟ್ಟು ಹೋಟೆಲ್ ಮುಟ್ಟಿಸ್ತಾರಂತೆ. ಈಗಲೇ ಹೊರಡ್ಬೇಕು!"

"ಅಕ್ಕ?"

"ಇಲ್ಲಿಯವಳಾಗಿ ಹೀಗೆ ಮಾಡಿದ್ದಕ್ಕೆ ಅವಳ ವಿಚಾರಣೆ ಇನ್ನೂ ಒಂದು ಗಂಟೆ ಇದೆಯಂತೆ."

"ಐದು ನಿಮಿಷ ಮಾತಾಡಿಸ್ಬೇಕು ಅಂತ ಹೇಳಿದ್ರಾ ಮೇಷ್ಟ್ರೇ?"

"ಅಲ್ಲಿಗೇ ಬರ್ತಿದ್ದೆ ಕಣಯ್ಯ. ಇನ್ನೂ ನಿಮ್ಮಕ್ಕನ ಮದುವೆ ಹತ್ರ ಇದ್ದೆ, ಅಷ್ಟರಲ್ಲಿ ಅವ್ರೇ ಎದ್ಬಿಟ್ರು."

ಸಾಹೇಬರು ಡ್ರೈವರಣ್ಣನ ಬೆನ್ನು ತಟ್ಟಿ, ಕುಟ್ಟಾಣಿಯನ್ನು ತಾವೇ ಎತ್ತಿಕೊಂಡು ರಸ್ತೆ ದಾಟಿ ಅಕ್ಕನ ಕೈಗಿತ್ತರು. ಇವನನ್ನು ಕಾರಿಗೆ ಕೂರಿಸಿದರು. ಮುಂದೆ ಸೈರನ್ನು, ಹಿಂದೆ ಸೈರನ್ನು, ನಡುವೆ ನಿಲ್ಲಿಸಲು ಜಾಗವೇ ಇಲ್ಲ. ಕನ್ನಡಿಯಲ್ಲಿ ನೋಡಿದ. ಅಕ್ಕ ಕುಟ್ಟಾಣಿಯನ್ನು ಎದೆಗೊತ್ತಿಕೊಂಡಿದ್ದಳು. ಆಮೇಲೆ ಅದರೊಳಗೆ ಕೈ ಹಾಕಿದಳು. ಬಗ್ಗಿ ನೋಡಿದಳು. ತಲೆಕೆಳಗು ಮಾಡಿ ಅಲ್ಲಾಡಿಸಿದಳು.

ಪಕ್ಕದಲ್ಲಿ ಹೆಂಡತಿ ಕೈಚೀಲ ಮುಟ್ಟಿ ನೋಡಿಕೊಂಡು, "ಅಯ್ಯೋ ರೀ, ಗುಂಡು ಇಲ್ಲೇ ಉಳೀತಲ್ಲ!" ಎಂದಳು.

ಕುಟ್ಟಾಣಿ ಅಲ್ಲಿ, ಗುಂಡು ಇಲ್ಲಿ. ಇನ್ನು ಎರಡು ಮನೆಯಲ್ಲೂ ಮಿಕ್ಸಿಯೇ ಗತಿ.