ಮೋಟರ್ ರಿಪೇರಿ, ಪೂರ್ತಿ ವಿಡಿಯೋ

ಕೈಕೆಲಸಗಳನ್ನು ಆನ್‌ಲೈನಿನಲ್ಲಿ ಕಲಿಸುವ ವಿಡಿಯೋ ತೆಗೆಯುವುದು ನನ್ನ ಉದ್ಯೋಗ. ಕೆಲಸ ಬಲ್ಲವರು ಬೇಕಾದಷ್ಟಿದ್ದಾರೆ, ಕ್ಯಾಮೆರಾ ಬಲ್ಲ ನಾನೂ ಇದ್ದೇನೆ. ಇಬ್ಬರೂ ಒಂದೆಡೆ ಸೇರಿದ ದಿನವೇ ಏನಾದರೂ ಆಗುತ್ತದೆ.

ಈಚೆಗೆ ನಮ್ಮ ಕಂಪನಿಯ ಸಾಹೇಬರು ಹೇಳಿದರು: "ನಿಮ್ಮ ವಿಡಿಯೋನ ಯಾರೂ ಕೊನೇವರೆಗೆ ನೋಡ್ತಿಲ್ಲ. ಈ ತಿಂಗಳು ಒಂದಾದ್ರೂ ನೋಡ್ಲಿಲ್ಲ ಅಂದ್ರೆ ದೊಡ್ಡಬಳ್ಳಾಪುರದ ಸ್ಟುಡಿಯೋ ಮುಚ್ಚಿಬಿಡೋಣ."

ಸ್ಟುಡಿಯೋ ಎಂದರೆ ಒಂದು ಕ್ಯಾಮೆರಾ ಮತ್ತು ನಾನು.

ಬ್ಲೌಸ್ ಹೊಲಿಯುವುದು

ಅರಿಶಿನಕುಂಟೆಯ ಟೈಲರಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟು ನಿಂತಿದ್ದರು.

"ಮಿಷನ್ ಮುಂದೆ ಕೂತ್ಕೊಳ್ಳಿ ಮೇಡಂ."

"ಅಯ್ಯೋ, ಸೀರೆಗೆ ಎಣ್ಣೆ ಆಗುತ್ತೆ ಸಾರ್."

"ಮತ್ತೆ ಹೊಲಿಯೋರು ಯಾರು?"

"ನಮ್ಮ ವಾರಗಿತ್ತಿ ಹೊಲೀತಾಳೆ. ನಾನು ಪಕ್ಕದಲ್ಲಿ ನಿಂತು ಹೇಳ್ತೀನಿ."

ವಾರಗಿತ್ತಿ ಎಲ್ಲಿ ಎಂದೆ. ರೇಷ್ಮೆ ಸೀರೆ ಉಡಲು ಒಳಗೆ ಹೋಗಿದ್ದರು.

ಮೋಟರ್, ಮೊದಲ ಸಲ

ಇಲ್ಲೇ ಹತ್ತಿರದ ಮಧುರೆಯ ಮೆಕ್ಯಾನಿಕ್, ಕೆಟ್ಟ ನೀರಿನ ಮೋಟರೊಂದು ಬಂದಿದೆ ಎಂದು ಫೋನ್ ಮಾಡಿದರು. ನಾನು ಹೋಗುವಷ್ಟರಲ್ಲಿ ಅದು ಓಡುತ್ತಿತ್ತು.

"ಇನ್ನೊಂದ್ಸಲ ಬಿಚ್ಚಿ ತೋರಿಸ್ತೀರಾ?"

"ಚೆನ್ನಾಗಿರೋದನ್ನ ಯಾಕಪ್ಪಾ ಬಿಚ್ಚಲಿ? ಕೆಡಲಿ, ಹೇಳಿಕಳಿಸ್ತೀನಿ."

ಮೋಟರಿನ ಯಜಮಾನ ಅಲ್ಲೇ ನಿಂತಿದ್ದ. ನನ್ನನ್ನು ಅವನು ನೋಡಿದ ನೋಟಕ್ಕೆ ನಾನೇ ಟ್ರೈಪಾಡ್ ಮಡಚಿದೆ.

ಮೋಟರ್, ಎರಡನೇ ಸಲ

ತಿಂಗಳ ಕೊನೆಗೆ ಅದೇ ಮೆಕ್ಯಾನಿಕ್ ಕರೆದರು: "ಸಾಸಲಿಗೆ ಬನ್ನಿ. ನೀವು ಬರೋವರೆಗೆ ಕೈ ಹಾಕಲ್ಲ."

ಅದು ಹೆಣ್ಣು ನೋಡಲು ಗಂಡಿನ ಕಡೆಯವರು ಬಂದಿದ್ದ ಮನೆ. ಸಂಪಿನ ಮೋಟರ್ ಕೆಟ್ಟು, ಬಂದವರಿಗೆ ಕೈ ತೊಳೆಯಲೂ ನೀರಿರಲಿಲ್ಲ. "ಒಳಗಿನ ಮಾತೂ ರೆಕಾರ್ಡ್ ಆಗಬಹುದು" ಎಂದೆ. "ಆಗ್ಲಿ ಸ್ವಾಮಿ, ಮೊದ್ಲು ನೀರು ಬರ್ಲಿ" ಎಂದರು ಹುಡುಗಿಯ ತಂದೆ.

ಮೋಟರ್ ಇದ್ದದ್ದು ನಡುಮನೆಯ ಕಿಟಕಿಯ ಕೆಳಗೆ. ಮೆಕ್ಯಾನಿಕ್ ಸ್ಕ್ರೂ ಬಿಚ್ಚುತ್ತಿದ್ದರೆ ಒಳಗಿಂದ ಗಂಡಿನ ಸೋದರಮಾವ, "ನಿಮ್ ಜಮೀನು ಏರ್‌ಪೋರ್ಟ್ ಕಡೇದಾ, ಈ ಕಡೇದಾ?" ಎಂದರು. ಹುಡುಗಿಯ ಅಜ್ಜಿ, "ಹುಡುಗ ಬಾಯಿ ಬಿಡ್ತಾನಾ, ಎಲ್ಲಾ ಮಾವನೇ ಮಾತಾಡೋದಾ?" ಎಂದರು. ಕೊನೆಗೆ ಯಾರೋ, "ನೀನೇ ಹೇಳಮ್ಮ, ಹುಡುಗ ಒಪ್ಪಿಗೇನಾ?" ಎಂದರು. ಅದೇ ಹೊತ್ತಿಗೆ ಮೆಕ್ಯಾನಿಕ್ ಸ್ವಿಚ್ ಒತ್ತಿದರು. ಮೋಟರ್ ಭೋರ್ರೆಂದು ಓಡಿತು. ಅಲ್ಲಿಗೆ ಪಾಠ ಮುಗಿಯಿತು.

ಬೇರೆ ವಿಡಿಯೋ ಇರಲಿಲ್ಲ, ಅದನ್ನೇ ಹಾಕಿದೆ. ಜನ ಕೊನೆಯವರೆಗೂ ನೋಡಿದರು. "ಎರಡು ನಿಮಿಷ ತಡವಾಗಿ ರಿಪೇರಿ ಮಾಡಿದ್ರೆ ಏನಾಗ್ತಿತ್ತು ಗುರು?" ಎಂದು ಬೈದು, ಮತ್ತೆ ಮೊದಲಿಂದ ನೋಡಿದರು. ಸ್ಟುಡಿಯೋ ಉಳಿಯಿತು.

ಮರುದಿನ ಹುಡುಗಿಯ ತಂದೆಯ ಫೋನ್. ಬೈಗುಳಕ್ಕೆ ಸಿದ್ಧನಾಗಿಯೇ ಎತ್ತಿದೆ.

"ಸ್ವಾಮಿ, ಅದರಲ್ಲಿ ಮೋಟರ್ ಸೌಂಡ್ ತೆಗೆದು ಕಳಿಸೋಕಾಗುತ್ತಾ? ನಮಗೂ ಕೇಳಿಸ್ಲಿಲ್ಲ. ಮಗಳನ್ನ ಕೇಳಿದ್ರೆ, ಹೇಳಿದ್ದಾಯ್ತಲ್ಲ ಅಂತಾಳೆ."