ಒಂದು ಪುಟದ ಗಂಡ

ಹೆಂಡತಿಯ ಮೇಲೆ ದೂರು ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. (ಅವಳೂ ಓದುತ್ತಾಳೆ.) ನನ್ನ ದೂರು ಏನಿದ್ದರೂ ಸಮುದ್ರ ದಾಟಿ ಬಂದು ನಮ್ಮ ಹಿಂದಿನ ಕೋಣೆ ಸೇರಿಕೊಂಡ ಇಪ್ಪತ್ತೆರಡು ವರ್ಷದ ಹುಡುಗಿಯ ಮೇಲೆ. ಮೂವತ್ತು ವರ್ಷದಿಂದ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಾ, ಊರಿನವರ ತಪ್ಪುಗಳನ್ನೆಲ್ಲ ಕೆಂಪು ಪೆನ್ಸಿಲಿನಲ್ಲಿ ತಿದ್ದುತ್ತಾ ಬಂದವನು ನಾನು. ನನ್ನ ಕಣ್ಣು ತಪ್ಪಿಸಿ ಮಹಾಪ್ರಾಣದ ಜಾಗದಲ್ಲಿ ಒಂದು ಅಲ್ಪಪ್ರಾಣ ಕೂತ ಉದಾಹರಣೆಯಿಲ್ಲ. ಅಂಥ ನನ್ನನ್ನೇ ಆ ಹುಡುಗಿ ಒಂದೇ ದಿನದಲ್ಲಿ ಮಹಾಪ್ರಾಣಿಯಿಂದ ಅಲ್ಪಪ್ರಾಣಿ ಮಾಡಿಬಿಟ್ಟಳು.

ನಮ್ಮ ಭಾಷೆ ಕಲಿಯಲು ಹೊರದೇಶಗಳಿಂದ ಬರುವವರನ್ನು ಇಲ್ಲಿನ ಮನೆಗಳಲ್ಲಿ ಇರಿಸುವ ಒಂದು ಸಂಸ್ಥೆಯಿದೆ. ಅದಕ್ಕೆ ಅರ್ಜಿ ಹಾಕಿದ್ದು ನನ್ನ ಹೆಂಡತಿ. 'ನಿಮಗೆ ವಿದ್ಯಾರ್ಥಿ ಏಕೆ ಬೇಕು?' ಎಂಬ ಪ್ರಶ್ನೆಗೆ ಅವಳು 'ಮನೇಲಿ ಮಾತಾಡೋಕೆ ಒಬ್ಬರು ಬೇಕು' ಎಂದು ಬರೆದಿದ್ದಳು. ನಾನು ಅದನ್ನು ಹೊಡೆದುಹಾಕಿ 'ಸಾಂಸ್ಕೃತಿಕ ವಿನಿಮಯದ ಸದುದ್ದೇಶದಿಂದ' ಎಂದು ತಿದ್ದಿಕೊಟ್ಟೆ. ವಾಕ್ಯ ಚೆನ್ನಾಗಿ ಬಂತು ಎನ್ನುವ ಖುಷಿಯಲ್ಲಿ ಅವಳು ಬರೆದದ್ದೇನು ಎಂದು ಯೋಚಿಸಲಿಲ್ಲ. ಅವಳು ಮಾತ್ರ ಹಿಂದಿನ ಕೋಣೆಯಿಂದ ನನ್ನ ಹಳೆಯ ಪ್ರೂಫ್ ಕಟ್ಟುಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಕಿಟಕಿಗೆ ಹೊಸ ಪರದೆ ಕಟ್ಟಿ, ಹಾಸಿಗೆ ಮೆತ್ತಗಿದೆಯೋ ಇಲ್ಲವೋ ಎಂದು ತಾನೇ ಮೂರು ಸಲ ಮಲಗಿ ನೋಡಿದಳು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಂಸ್ಥೆಯ ಮೇಡಂ ಹುಡುಗಿಯನ್ನು ಕರೆತಂದರು. ಹುಡುಗಿ ಬಾಗಿಲಲ್ಲಿ ನಿಂತು ಎರಡೂ ಕೈ ಜೋಡಿಸಿ, "ನಾನು ತಮ್ಮ ಗೃಹಕ್ಕೆ ಆಗಮಿಸಿದ್ದೇನೆ. ಪಾದರಕ್ಷೆಗಳನ್ನು ಎಲ್ಲಿ ವಿಸರ್ಜಿಸಲಿ?" ಎಂದಳು.

ನನ್ನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು. ನಾನು ಮಾತ್ರ ಉಬ್ಬಿಹೋದೆ. ಇಷ್ಟು ವರ್ಷಕ್ಕೆ ನಮ್ಮ ಮನೆಯಲ್ಲಿ ಹಾಗೇ ಅಚ್ಚಿಗೆ ಕಳಿಸಬಹುದಾದ ಒಂದು ವಾಕ್ಯ ಕೇಳಿಸಿತ್ತು!

ಮೇಡಂ ಹೊರಡುವಾಗ ಹೇಳಿದರು: "ಇವತ್ತೊಂದು ದಿನ ಇದ್ದು ನೋಡ್ಲಿ. ಸಂಜೆ ಏಳಕ್ಕೆ ಫೋನ್ ಮಾಡ್ತೀನಿ. ಇಲ್ಲಿ ಕಲಿಯೋಕಾಗಲ್ಲ ಅಂತ ಅವಳು ಹೇಳಿದ್ರೆ ನಾಳೆ ಬೇರೆ ಮನೆಗೆ ಕರ್ಕೊಂಡು ಹೋಗ್ತೀನಿ. ನೀವು ಬೇಜಾರು ಮಾಡ್ಕೋಬಾರದು."

"ಇಲ್ಲ ಇಲ್ಲ, ಬೇಜಾರೇನು ಬಂತು!" ಎಂದಳು ನನ್ನ ಹೆಂಡತಿ. ಹಾಗೆನ್ನುತ್ತಲೇ ಹುಡುಗಿಯ ದೊಡ್ಡ ಪೆಟ್ಟಿಗೆಯನ್ನು ದರದರ ಎಳೆದುಕೊಂಡು ಹೋಗಿ ಕೋಣೆಯ ಮೂಲೆಗೆ ತಳ್ಳಿ, ಬಟ್ಟೆಗಳನ್ನು ತೆಗೆದು ಬೀರುವಿಗೆ ಜೋಡಿಸತೊಡಗಿದಳು.

ನಾನು ಅಂದು ರಜೆ ಹಾಕಿದ್ದೆ. ಭಾಷೆ ಕಲಿಯಲು ಬಂದವಳಿಗೆ ಶುದ್ಧ ಭಾಷೆಯೇ ಕಿವಿಗೆ ಬೀಳಬೇಕೆಂದು ಅಪ್ಪಣೆ ಹೊರಡಿಸಿದೆ.

"ರೀ, ಆ ಸ್ವಿಚ್ ಹಾಕಿ," ಎಂದಳು ಹೆಂಡತಿ.

"ಸ್ವಿಚ್ ಅಲ್ಲ. ವಿದ್ಯುತ್ ಗುಂಡಿ."

"ಸರಿ, ಗುಂಡಿ ಒತ್ತಿ. ನೋಡ್ಕೊಂಡು, ಬಿದ್ದುಗಿದ್ದೀರಿ."

ಹುಡುಗಿ ಹಾಲಿಗೂ ಅಡುಗೆಮನೆಗೂ ನಡುವೆ ಕುರ್ಚಿ ಹಾಕಿಕೊಂಡು ಕೂತಳು. ಅವಳ ಮಡಿಲಲ್ಲಿ ಒಂದು ನೀಲಿ ನೋಟ್‌ಬುಕ್ಕು. ಮೊದಲ ದಿನ ಮನೆಯವರು ಆಡುವ ಮಾತುಗಳನ್ನು ಇದ್ದದ್ದು ಇದ್ದ ಹಾಗೆ ಬರೆದು ತರಬೇಕೆಂದು ಅವಳ ಮೇಷ್ಟ್ರು ಹೇಳಿದ್ದರಂತೆ. ಇನ್ನು ಕೇಳಬೇಕೆ! ನಾನು ಅವಳೆದುರು ಕೂತು ಸಂಧಿಯಿಂದ ಶುರುಮಾಡಿ ಸಮಾಸ ದಾಟಿ ವಿಭಕ್ತಿಗೆ ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ನೋಡಿದರೆ ಅವಳು ಪೆನ್ನಿನ ಮುಚ್ಚಳವನ್ನೇ ತೆಗೆದಿರಲಿಲ್ಲ.

"ಏಕಮ್ಮಾ, ಬರೆದುಕೊಳ್ಳುತ್ತಿಲ್ಲ?"

"ಕ್ಷಮಿಸಬೇಕು. ಉಪನ್ಯಾಸಗಳನ್ನು ಬರೆಯುವಂತಿಲ್ಲ. ಸಂಭಾಷಣೆ ಮಾತ್ರ."

ಅಡುಗೆಮನೆಯಿಂದ ಕೆಮ್ಮು ಕೇಳಿಸಿತು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

ಮಧ್ಯಾಹ್ನ ನಾನು ಕೈ ತೊಳೆಯುತ್ತಿದ್ದಾಗ ಹುಡುಗಿ ಬಂದು ವಿನಯದಿಂದ ಹೇಳಿದಳು: "ರೀಯವರೇ, ಇವಳೇಯವರು ತಮ್ಮನ್ನು ಭೋಜನಕ್ಕೆ ಕರೆಯುತ್ತಿದ್ದಾರೆ."

ಒಂದು ನಿಮಿಷ ನನಗೇನೂ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಹೆಂಡತಿ ನನ್ನನ್ನು ಕರೆಯುವುದು 'ರೀ'. ನಾನು ಅವಳನ್ನು ಕರೆಯುವುದು 'ಇವಳೇ'. ಬೆಳಿಗ್ಗೆಯಿಂದ ಕೇಳಿಸಿಕೊಂಡ ಹುಡುಗಿ ಅವೇ ನಮ್ಮ ಹೆಸರುಗಳೆಂದು ತಿಳಿದು, ಗೌರವಕ್ಕೆ ಒಂದೊಂದು 'ಅವರು' ಅಂಟಿಸಿದ್ದಳು! ನನ್ನ ಹೆಂಡತಿ ನಕ್ಕ ನಗುವಿಗೆ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು. ಅವಳು ಹಾಗೆ ನಗುತ್ತಾಳೆ ಎನ್ನುವುದು ನನಗೆ ಮರೆತೇಹೋಗಿತ್ತು.

ನಗು ನಿಂತ ಮೇಲೆ ಅವಳು, ನೀನು ಹಾಗೇ ಕರಿ ಎನ್ನುತ್ತಾ, ತನ್ನ ನಿಜವಾದ ಹೆಸರನ್ನೂ ಹೇಳಿದಳು.

"ಎಷ್ಟು ಸುಂದರವಾಗಿದೆ!" ಎಂದಳು ಹುಡುಗಿ, ನನ್ನ ಕಡೆ ತಿರುಗಿ. "ತಾವು ಇದನ್ನು ಏಕೆ ಉಪಯೋಗಿಸುವುದಿಲ್ಲ?"

ಉಪಯೋಗಿಸದೆ ಏನು? ಎರಡು ವರ್ಷದ ಹಿಂದೆ ಗ್ಯಾಸ್ ಕನೆಕ್ಷನ್ನಿನ ಫಾರಂ ತುಂಬುವಾಗ ಉಪಯೋಗಿಸಿದ್ದೇನೆ. ಅದನ್ನು ಹೇಳಲು ಹೋಗಲಿಲ್ಲ. ತಟ್ಟೆ ನೋಡಿಕೊಂಡು ಊಟ ಮುಗಿಸಿದೆ.

ಊಟವಾದ ಮೇಲೆ ಅವರಿಬ್ಬರೂ ಅಡುಗೆಮನೆ ಸೇರಿದರು. ನಾನು ಪೇಪರ್ ಮುಖದ ಮೇಲೆ ಹಾಕಿಕೊಂಡು ಸಣ್ಣ ನಿದ್ದೆ ತೆಗೆದೆ. ಎದ್ದಾಗಲೂ ಮಾತು ನಡೆದೇ ಇತ್ತು. ಐದೂವರೆಗೆ ಇಬ್ಬರೂ ತಿರುವಿನ ಅಂಗಡಿಗೆ ಸೋಪು ತರಲು ಹೊರಟರು. ನೀಲಿ ನೋಟ್‌ಬುಕ್ಕು ಊಟದ ಮೇಜಿನ ಮೇಲೇ ಉಳಿಯಿತು.

ಬೇರೆಯವರ ನೋಟ್‌ಬುಕ್ಕು ತೆರೆಯಬಾರದು ಎಂದು ನನಗೂ ಗೊತ್ತು. ಆದರೆ ಅಕ್ಷರ ಕಂಡರೆ ನನ್ನ ಕೈ ತಾನಾಗಿಯೇ ಜೇಬಿನ ಕೆಂಪು ಪೆನ್ಸಿಲಿಗೆ ಹೋಗುತ್ತದೆ. ಪಾಪ, ಪರದೇಶದ ಹುಡುಗಿ, ನಾಲ್ಕು ತಪ್ಪು ತಿದ್ದಿಕೊಟ್ಟರೆ ಉಪಕಾರವೇ ಆಯಿತು ಎಂದುಕೊಂಡು ತೆರೆದೆ.

ಮೊದಲ ಪುಟದ ಶೀರ್ಷಿಕೆ: 'ರೀಯವರು ಇವಳೇಯವರಿಗೆ ದಿನವಿಡೀ ಹೇಳಿದ್ದು.' ಕೆಳಗೆ ಗುಂಡಗಿನ ಅಕ್ಷರಗಳಲ್ಲಿ: 'ಕನ್ನಡಕ ಎಲ್ಲಿ? ಹ್ಞೂಂ. ಪೇಪರ್ ಎಲ್ಲಿ? ಮಾತ್ರೆ ಎಲ್ಲಿ? ಅದು ಹಾಗಲ್ಲ. ಹ್ಞೂಂ. ಟವೆಲ್ ಎಲ್ಲಿ? ಆಮೇಲೆ ನೋಡೋಣ. ಹ್ಞೂಂ.' ಅಷ್ಟೇ. ಮುಕ್ಕಾಲು ಪುಟ ಖಾಲಿ. ಅಂಚಿನಲ್ಲಿ ಒಂದು ಟಿಪ್ಪಣಿ: 'ಎಲ್ಲಿ ಎಂಬುದು ಈ ಭಾಷೆಯಲ್ಲಿ ಪತ್ನಿಯನ್ನು ಪ್ರೀತಿಯಿಂದ ಸಂಬೋಧಿಸುವ ಪದ ಇರಬಹುದೇ? ಗುರುಗಳನ್ನು ವಿಚಾರಿಸಬೇಕು.' ಅದರ ಕೆಳಗೆ ಇನ್ನೊಂದು: 'ಹ್ಞೂಂ: ಗಿಡ್ಡವಾದರೆ, ಕೇಳಿಸಲಿಲ್ಲ. ಉದ್ದವಾದರೆ, ಕೇಳಿಸಿತು ಆದರೆ ಮಾಡುವುದಿಲ್ಲ. ಮೂಗಿನಿಂದ ಬಂದರೆ, ಅಡುಗೆ ಚೆನ್ನಾಗಿದೆ. (ಆಧಾರ: ಇವಳೇಯವರು.)'

ಒಂದೇ ಒಂದು ಕಾಗುಣಿತದ ತಪ್ಪಿರಲಿಲ್ಲ. ಇದ್ದಿದ್ದರೆ ಕೋಪ ಮಾಡಿಕೊಳ್ಳಲಾದರೂ ಒಂದು ಆಸರೆ ಸಿಗುತ್ತಿತ್ತು.

ಪುಟ ತಿರುವಿದೆ. ಅಲ್ಲಿಂದ ಹದಿನೇಳು ಪುಟ ನನ್ನ ಹೆಂಡತಿ ಆಡಿದ ಮಾತು. ಅವಳು ಹುಡುಗಿಯಾಗಿದ್ದಾಗ ಸೈಕಲ್ಲಿನಲ್ಲಿ ಎರಡೂ ಕೈ ಬಿಟ್ಟು ಇಳಿಜಾರು ಇಳಿಯುತ್ತಿದ್ದಳಂತೆ. ಪಕ್ಕದ ಮನೆಯ ಟೈಲರಮ್ಮ ಊರು ಬಿಟ್ಟುಹೋದ ಮೇಲೆ ಎರಡು ತಿಂಗಳು ಅವಳಿಗೆ ಸರಿಯಾಗಿ ಊಟ ಸೇರಲಿಲ್ಲವಂತೆ. (ಆಗ ನಾನು ಎಲ್ಲಿದ್ದೆ? ಇದೇ ಮೇಜಿನ ಆ ಕಡೆ ಕೂತು ಊಟ ಮಾಡುತ್ತಿದ್ದೆ.) ಆಮೇಲೆ ಹನ್ನೊಂದನೆಯ ಪುಟದಲ್ಲಿ ಇದು:

'ದಿನಾ ನಾಲ್ಕು ಗಂಟೆಗೆ ತಾರಸಿ ಮೆಟ್ಟಿಲ ಮೇಲೆ ಕೂತ್ಕೊಂಡು ಒಬ್ಬಳೇ ಗಟ್ಟಿಯಾಗಿ ಮಾತಾಡ್ತೀನಮ್ಮಾ. ಇಲ್ಲಾಂದ್ರೆ ಗಂಟಲು ತುಕ್ಕು ಹಿಡಿದುಬಿಡುತ್ತೆ ನೋಡು.'

ಪ್ರೆಸ್ಸಿನ ನಿಯಮದ ಪ್ರಕಾರ 'ಮಾತಾಡ್ತೀನಿ' ತಪ್ಪು, 'ಮಾತನಾಡುತ್ತೇನೆ' ಸರಿ. ಪೆನ್ಸಿಲು ಎತ್ತಿದೆ. ಕೈ ಮುಂದೆ ಹೋಗಲಿಲ್ಲ. ನನಗೆ ತುಂಬಾ ನಾಚಿಕೆಯಾಯಿತು. ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಇದ್ದು, ಹೆಂಡತಿಯ ಮಾತನ್ನು ಬೆಳಿಗ್ಗೆ ಬಂದ ಹುಡುಗಿಯ ನೋಟ್‌ಬುಕ್ಕಿನಿಂದ ತಿಳಿಯಬೇಕಾಯಿತು. ಅರ್ಜಿಯಲ್ಲಿ ನಾನು ಹೊಡೆದುಹಾಕಿದ ವಾಕ್ಯ ಈಗ ಅರ್ಥವಾಯಿತು. ಈ ಹುಡುಗಿ ನಾಳೆ ಹೊರಟುಹೋದರೆ ಇವಳು ಮತ್ತೆ ಮೆಟ್ಟಿಲ ಮೇಲೆ ಹೋಗಿ ಕೂರುತ್ತಾಳೆ.

ಗೇಟಿನ ಸದ್ದಾಯಿತು. ನೋಟ್‌ಬುಕ್ಕನ್ನು ಇದ್ದಲ್ಲೇ ಇಟ್ಟು ಪೇಪರಿನ ಹಿಂದೆ ಅಡಗಿದೆ.

ಏಳಕ್ಕೆ ಸರಿಯಾಗಿ ಫೋನ್ ಬಂತು. ಹುಡುಗಿ ಸ್ಪೀಕರಿಗೆ ಹಾಕಿದಳು. ನನ್ನ ಹೆಂಡತಿ ಒಣಗಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಾ ನಿಂತಳು.

"ಹೇಗಿತ್ತಮ್ಮಾ ಇವತ್ತು?" ಎಂದರು ಮೇಡಂ.

"ಗೃಹವು ಉತ್ತಮವಾಗಿದೆ. ಇವಳೇಯವರು ಅತ್ಯುತ್ತಮ. ಆದರೆ ಒಂದು ನ್ಯೂನತೆಯಿದೆ." ಹೆಂಡತಿಯ ಕೈ ನಿಂತಿತು. "ನನ್ನ ಅಧ್ಯಯನಕ್ಕೆ ಇಬ್ಬರ ಸಂಭಾಷಣೆ ಅಗತ್ಯ. ಇಲ್ಲಿ ಇಬ್ಬರು ಇದ್ದಾರೆ, ಸಂಭಾಷಣೆ ಇಲ್ಲ."

"ಹಾಗಾದ್ರೆ ನಾಳೆ ಬೇರೆ ಮನೆ ನೋಡೋಣ. ಅಲ್ಲಿ ಗಂಡ ಹೆಂಡತಿ ಇಬ್ಬರಿಗೂ ಬಾಯಿ ಮುಚ್ಚಿಯೇ ಗೊತ್ತಿಲ್ಲ."

ಹೆಂಡತಿ ತಟ್ಟೆ ಕೆಳಗಿಟ್ಟು ಗೋಡೆಯ ಕಡೆ ತಿರುಗಿದಳು. ನನಗೆ ತಡೆಯಲಾಗಲಿಲ್ಲ. ಏನಾದರೂ ಮಾತಾಡಬೇಕು, ಈಗಲೇ, ಫೋನಿಗೆ ಕೇಳಿಸುವ ಹಾಗೆ! ಎದ್ದು ನಿಂತು, ಎದೆ ಗಟ್ಟಿ ಮಾಡಿಕೊಂಡು, ಹೆಂಡತಿಯನ್ನು ಅವಳ ಹೆಸರು ಹಿಡಿದು ಕರೆದೆ.

ಅವಳು ತಿರುಗಿ ಬಾಗಿಲ ಕಡೆ ನೋಡಿದಳು. "ಯಾರು ಬಂದ್ರು?"

"ಯಾರೂ ಬಂದಿಲ್ಲ. ನಿನ್ನನ್ನೇ ಕರೆದದ್ದು."

"ನನ್ನನ್ನಾ? ಏನಾಯ್ತು ನಿಮಗೆ?"

"ಏನೂ ಆಗಿಲ್ಲ. ಸುಮ್ಮನೆ ಕೇಳೋಣ ಅಂತ..." ಏನು ಕೇಳುವುದು? ನಾಲಿಗೆಯ ತುದಿಯಲ್ಲಿ ಇದ್ದದ್ದೇ ಉದುರಿತು: "ಮೆಟ್ಟಿಲ ಮೇಲೆ ಕೂತು ಅಷ್ಟೊಂದು ಏನು ಮಾತಾಡ್ತೀಯ?"

ಹುಡುಗಿ ನೋಟ್‌ಬುಕ್ಕನ್ನು ನೋಡಿದಳು. ಹೆಂಡತಿ ನನ್ನನ್ನು ನೋಡಿದಳು. ಆ ಎರಡು ಜೊತೆ ಕಣ್ಣುಗಳ ಮಧ್ಯೆ ನನ್ನ ಪೆನ್ಸಿಲು ಜೇಬಿನಿಂದ ಜಾರಿ ಬಿತ್ತು.

"ಆ ಮಗೂದು ಪುಸ್ತಕ ತೆಗೆದು ಓದಿದ್ರಾ?"

"ತಿದ್ದೋಣ ಅಂತ..."

"ತಿದ್ದೋದಾ! ನನ್ನ ಮಾತು ತಿದ್ದೋಕೆ ನೀವ್ಯಾರ್ರೀ? ಕೇಳೋಕೆ ಪುರುಸೊತ್ತಿಲ್ಲ, ಕದ್ದು ಓದೋಕೆ ಪುರುಸೊತ್ತಿದೆ!"

"ಕದ್ದು ಅಂತ ಏಕೆ ಹೇಳ್ತೀಯ? ಮೇಜಿನ ಮೇಲಿತ್ತು. ಮತ್ತೆ ನೀನೇನು ಕಮ್ಮಿನಾ? ಟೈಲರಮ್ಮ ಹೋದಾಗ ಬೇಜಾರಾಗಿದೆ ಅಂತ ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದೆ!"

"ಯಾವಾಗ?"

"ಅವಳು ಹೋದ ದಿನವೇ ಹೇಳಿದ್ದೆ! ಅದು ಹಾಗಲ್ಲ ಅಂದು ಪೇಪರ್ ತಿರುಗಿಸಿದ್ರಿ!"

"ಹಲೋ? ಹಲೋ?" ಎನ್ನುತ್ತಿತ್ತು ಫೋನು. "ಏನಮ್ಮಾ ಅದು ಗಲಾಟೆ? ಈಗಲೇ ಬರಲಾ?"

"ಬೇಡ, ಬೇಡ!" ಹುಡುಗಿ ಆಗಲೇ ಹಲ್ಲಿನಿಂದ ಪೆನ್ನಿನ ಮುಚ್ಚಳ ಕಿತ್ತಿದ್ದಳು. "ಕ್ಷಮಿಸಿ ಮೇಡಂ, ಇಲ್ಲಿ ಸಂಭಾಷಣೆ ಪ್ರಾರಂಭವಾಗಿದೆ. ನಾನು ಇಲ್ಲೇ ಇರುತ್ತೇನೆ. ಈಗ ಬರೆಯಬೇಕು!" ಎಂದು ಫೋನ್ ಇಟ್ಟೇಬಿಟ್ಟಳು.

ಅವಳು ಇರುತ್ತಾಳೆ ಎನ್ನುವುದು ನಮ್ಮಿಬ್ಬರ ಕಿವಿಗೂ ಬಿತ್ತು. ಆದರೆ ಆ ಹೊತ್ತಿಗೆ ಜಗಳ ನಿಲ್ಲಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಅರ್ಧ ಗಂಟೆ ನಡೆಯಿತು. ನಡುನಡುವೆ ಹುಡುಗಿ ತಲೆಯೆತ್ತಿ, "ಸ್ವಲ್ಪ ನಿಧಾನ... 'ಮೊಂಡು'ವಿಗೆ ಯಾವ ಡ?" ಎಂದು ಕೇಳುತ್ತಿದ್ದಳು. ನಾನು ಕಾಗುಣಿತ ಹೇಳಿಕೊಟ್ಟು ಮತ್ತೆ ಜಗಳಕ್ಕೆ ಮರಳುತ್ತಿದ್ದೆ.

ಕೊನೆಗೆ ಉಸಿರು ಬಿಡುತ್ತಾ ಕೂತು ಕೇಳಿದೆ: "ನಿಜ ಹೇಳು. ಆ ಮೆಟ್ಟಿಲ ಮೇಲೆ ಏನು ಮಾತಾಡ್ತೀಯ?"

ಅವಳೂ ಕೂತಳು. ಬೆರಳಿನಿಂದ ಮೇಜನ್ನು ಉಜ್ಜಿದಳು.

"ಇನ್ನೇನು? ನಿಮ್ಮ ಜೊತೆನೇ ಮಾತಾಡ್ತೀನಿ. ನಾನೊಂದು ಹೇಳೋದು, ನೀವೊಂದು ಹೇಳೋದು. ಅಲ್ಲಿ ನೀವು ಎಷ್ಟು ಚೆನ್ನಾಗಿ ಉತ್ತರ ಕೊಡ್ತೀರಿ ಗೊತ್ತಾ? ಮಧ್ಯೆ ನಗಿಸ್ತೀರಿ ಕೂಡ." ಅವಳ ಧ್ವನಿ ಸಣ್ಣದಾಯಿತು. "ಆ ಮನುಷ್ಯನ್ನ ಒಂದಿನ ಮನೆಗೆ ಕರ್ಕೊಂಡು ಬನ್ನಿ ನೋಡೋಣ."

ನನಗೆ ಆ ಮೆಟ್ಟಿಲಿನವನ ಮೇಲೆ ವಿಪರೀತ ಹೊಟ್ಟೆಕಿಚ್ಚಾಯಿತು. ಹುಡುಗಿ ಅವಳ ಮಾತನ್ನು ಬರೆದು ಮುಗಿಸಿ, ಹೊಸ ಸಾಲಿನಲ್ಲಿ ಪೆನ್ನು ಊರಿ, ನನ್ನ ಮುಖ ನೋಡುತ್ತಾ ಕಾದಳು. ಏನಾದರೂ ಹೇಳಲೇಬೇಕಿತ್ತು. ಇಂಥ ಹೊತ್ತಿನಲ್ಲಿ ಆ ಮನುಷ್ಯ ಏನು ಹೇಳುತ್ತಾನೆ ಎಂದು ಕೊನೆಗೆ ನನ್ನ ಹೆಂಡತಿಯನ್ನೇ ಕೇಳಬೇಕಾಯಿತು.