ನಾಲಿಗೆಯಡಿಯ ಎಲುಬು

ಹೊಸದಾಗಿ ಕಟ್ಟಿಸಿದ ಹಲ್ಲಿನ ಸೆಟ್ ದೌಲಪ್ಪನ ಬಾಯಲ್ಲಿ ಕೂಡುತ್ತಿರಲಿಲ್ಲ. ಯಾಕೆಂದು ಪತ್ತೆ ಹಚ್ಚಲು ಪಕ್ಕದ ಮನೆಯ ಮಸ್ತಾನಬಿ ಮೊಬೈಲಿನ ಬೆಳಕು ಬಿಟ್ಟು ನೋಡಿದಳು. ನಾಲಿಗೆಯಡಿ, ದವಡೆಯ ಒಳಬದಿಗೆ, ಎರಡು ಗಂಟು.

“ಯಾ ಅಲ್ಲಾ! ಗಡ್ಡಿ ಆಗ್ಯಾವ! ಕ್ಯಾನ್ಸರೇ ಇರಬೇಕು!”

ಅಂದು ಕಮಲಾಪುರದ ಸಂತೆ. ಕೆಂಬಾಳೆಹಣ್ಣಿಗಿಂತ ಮೊದಲೇ ಸುದ್ದಿ ಖರ್ಚಾಯಿತು.

ಕಲಬುರಗಿಯ ಬ್ರಹ್ಮಪುರದ ಹಲ್ಲಿನ ಡಾಕ್ಟರ್ ಸಬಾ ಮಾತ್ರ ನೋಡಿ ನಕ್ಕಳು. “ರೋಗ ಅಲ್ರಿ ಕಾಕಾ, ಬರೇ ಎಲುಬು. ಕೆಲವರಿಗೆ ಹಿಂಗ ಬೆಳೀತದ. ಕೆತ್ತಿ ತೆಗೆದ್ರ ಸೆಟ್ ಕೂಡ್ತದ. ಸೋಮವಾರ ಬರ್ರಿ.”

ಇದನ್ನು ಊರಿಗೆಲ್ಲ ಹೇಳಬೇಕೆಂದುಕೊಂಡೇ ದೌಲಪ್ಪ ಸೋಮವಾರ ಬೆಳಿಗ್ಗೆ ಬಾಗಿಲು ತೆರೆದ. ಹೊರಗೆ ಅಣ್ಣ ದೇವೀಂದ್ರಪ್ಪ ನಿಂತಿದ್ದ.

ಹನ್ನೊಂದು ವರ್ಷದ ಹಿಂದೆ ಇಬ್ಬರ ಹೊಲದ ನಡುವಿನ ಬದುವಿನ ಮೇಲೆ ಮೊಳೆತ ಬಾಳೆಗಿಡ ಯಾರದೆಂದು ಜಗಳವಾಗಿತ್ತು. ಗಿಡ ಗೊನೆ ಹಾಕದೆ ಬಿದ್ದುಹೋಯಿತು. ಆಡಿದ ಮಾತು ಬೀಳಲಿಲ್ಲ. “ಇನ್ನ ನಿನ್ನ ಬಾಗಿಲಿಗೆ ಬಂದ್ರ ನಿನ್ನ ಮಣ್ಣಿಗೇ ಬರ್ತೀನಿ” ಎಂದು ದೇವೀಂದ್ರಪ್ಪ ಹತ್ತು ಮಂದಿಯ ಮುಂದೆ ಅಂದಿದ್ದ.

ಈಗ ಅವನು ಕಣ್ಣೊರೆಸಿಕೊಂಡ. “ಮಣ್ಣಿಗೆ ಬರ್ತೀನಿ ಅಂದಿದ್ದೆ. ಸ್ವಲ್ಪ ಮೊದಲೇ ಬಂದೀನಿ. ನಡಿ ತಮ್ಮಾ, ದವಾಖಾನಿಗೆ ನಾನೂ ಬರ್ತೀನಿ.”

‘ಬರೇ ಎಲುಬು’ ಎಂಬ ಮಾತು ದೌಲಪ್ಪನ ತುಟಿಯವರೆಗೆ ಬಂತು. ನುಂಗಿಕೊಂಡ.

ಮಸ್ತಾನಬಿಯೂ ಹೊರಟಳು. ಬಸ್ಸಿನಲ್ಲಿ ಅವಳು ಕತೆ ಹೇಳಿದ್ದಕ್ಕೆ ಮಂದಿ ಸರತಿಯಲ್ಲಿ ಬಂದು, ಬಾವಿಗೆ ಬಿದ್ದ ಕೊಡ ಹುಡುಕುವವರಂತೆ, ದೌಲಪ್ಪನ ಬಾಯೊಳಗೆ ಬಗ್ಗಿ ನೋಡಿದರು. ಅಣ್ಣ ಅವನಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟ. ಬಾಳೆಹಣ್ಣು ಸುಲಿದು, ಕಿವುಚಿ, ಕೈಗಿಟ್ಟ.

“ಸಣ್ಣಂವ ಇದ್ದಾಗೂ ಹಿಂಗೇ ತಿನಸ್ತಿದ್ದೆ ನಿನಗ.”

“ಹೂಂ, ಅರ್ಧಾ ನೀನೇ ತಿಂತಿದ್ದಿ.”

ಇಬ್ಬರೂ ನಕ್ಕರು. ಹನ್ನೊಂದು ವರ್ಷದಲ್ಲಿ ದೌಲಪ್ಪ ಇಷ್ಟು ಸುಖವಾಗಿದ್ದಿರಲಿಲ್ಲ. ಸಾಯುವವನ ಮುಖ ಹೊತ್ತು ಕೂರುವುದೇ ಕಷ್ಟವಾಯಿತು.

ದವಾಖಾನೆಯ ಒಳಗೆ ಹೋದವನು ಒಂದು ತಾಸಿನ ಮೇಲೆ ಬಾಯಿ ತುಂಬ ಹತ್ತಿ ತುರುಕಿಸಿಕೊಂಡು ಹೊರಬಂದ. ಮರಗಟ್ಟಿದ ನಾಲಿಗೆ ಯಾರದೋ ಹಳೆಯ ಚಪ್ಪಲಿಯಂತೆ ಬಾಯಲ್ಲಿ ಬಿದ್ದಿತ್ತು. ಅಣ್ಣ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದ. ಮಸ್ತಾನಬಿ ಡಾಕ್ಟರನ್ನು ತಡೆದಳು.

“ಡಾಕ್ಟರಮ್ಮಾ, ಖರೇ ಹೇಳ್ರಿ. ಎಷ್ಟು ದಿನ ಉಳೀತಾನ?”

“ಎಲುಬು ಕೆತ್ತಿದ್ರ ಯಾರರ ಸಾಯ್ತಾರೇನ್ರಿ? ಕಾಕಾಗ ಮೊದಲನೇ ದಿನಾನೇ ಹೇಳೀನಲ್ಲ!”

ಮಸ್ತಾನಬಿಯ ಕಣ್ಣು ದೌಲಪ್ಪನಿಂದ ದೇವೀಂದ್ರಪ್ಪನ ಮೇಲೆ ಹೋಗಿ ನಿಂತಿತು. ದೇವೀಂದ್ರಪ್ಪ ತಮ್ಮನ ಕೈಯನ್ನು ಮೆಲ್ಲಗೆ ಬಿಟ್ಟ.

“ಸಾಯ್ತಾನಂತ ಬಂದಿದ್ದೆ. ಬದುಕಿದವನ ಹಂತೇಲಿ ನನಗೇನು ಕೆಲಸ?” ಎಂದವನೇ ಮೆಟ್ಟಿಲಿಳಿದ.

ಮಸ್ತಾನಬಿ ಆಗಲೇ ಹೊರಗೆ ನಿಂತು ಕಮಲಾಪುರಕ್ಕೆ ಫೋನ್ ಹಚ್ಚಿದ್ದಳು.

ಸಬಾ ಚೀಟಿ ಬರೆಯುತ್ತ ಕೇಳಿದಳು: “ನಿಮ್ಮ ಅಣ್ಣ ಯಾಕ ಸಿಟ್ಟಾದ್ರು? ಅವರಿಗೂ ಹೋದ ವರ್ಷ ಇಂಥವೇ ಎರಡು ತೆಗೆದೀನಿ. ಮನೆತನದಾಗ ಬರ್ತಾವ, ತಮ್ಮನಿಗೂ ಇರಬಹುದು ಅಂದಿದ್ದೆ. ಇದ್ರ ಛಲೋ ಆಗ್ತದ ಅಂತ ನಕ್ಕಿದ್ರು.”

ಅಂದರೆ ತಮ್ಮ ಸಾಯುವುದಿಲ್ಲವೆಂದು ಗೊತ್ತಿದ್ದೇ ಅಣ್ಣ ಬಾಗಿಲಿಗೆ ಬಂದಿದ್ದ. ದೌಲಪ್ಪ ಚೀಟಿ ಬಿಟ್ಟು ಓಡಿದ.

ಆಟೋದಿಂದ ಇಳಿದಾಗ ಕಮಲಾಪುರದ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯಲ್ಲಿ ಅಣ್ಣ. ದೌಲಪ್ಪ ಹತ್ತಿ ಕಿತ್ತೆಸೆದು, ಬಸ್ಸಿನ ತಗಡು ಬಡಿದು ‘ಅಣ್ಣಾ’ ಎಂದು ಕರೆಯಹೋದ. ನಾಲಿಗೆ ಹೊರಳಲಿಲ್ಲ. “ಅವ್… ವಾ…” ಎಂಬ ಸದ್ದಿನೊಡನೆ ಕೆಂಪು ನೀರು ಗಲ್ಲಕ್ಕಿಳಿಯಿತು.

“ಏ ಮುತ್ಯಾ! ಎಲಿ ತಿಂದು ಬಸ್ಸಿಗೆ ಉಗುಳ್ತಿ? ವಯಸ್ಸಾದ್ರೂ ಬುದ್ಧಿ ಬ್ಯಾಡ?” ಕಂಡಕ್ಟರ್ ಗದರಿದ. ಬಸ್ಸಿನೊಳಗೆ ಮಂದಿ ನಕ್ಕರು.

ದೇವೀಂದ್ರಪ್ಪ ಅರ್ಧ ಎದ್ದ. ಆಗ ಹಿಂದಿನ ಸೀಟಿನ ಊರವನೊಬ್ಬ ಕಿವಿಯಿಂದ ಫೋನ್ ತೆಗೆದ.

“ದೇವೀಂದ್ರಪ್ಪಾ, ನಿನ್ನ ತಮ್ಮ ಸಾಯಂಗಿಲ್ಲಂತಲ್ಲೋ?”

ದೇವೀಂದ್ರಪ್ಪ ಮತ್ತೆ ಕೂತ.

“ಯಾವ ತಮ್ಮ?” ಎಂದ.

ಕಂಡಕ್ಟರ್ ಸೀಟಿ ಊದಿದ.